ಕಾಣಲ್ಲ ಎನ್ನದ ಊರಿನ ಕಣ್ಣಿನ ಪರೀಕ್ಷೆ

ನಮ್ಮೂರಿನಲ್ಲಿ ಮರ್ಯಾದಸ್ಥರು ಆಡಬಾರದ ಮಾತು ಒಂದೇ ಒಂದಿದೆ. ಅದು ‘ಕಾಣಲ್ಲ’. ಬೇರೆ ಊರುಗಳಲ್ಲಿ ಜನ ಜಗಳಕ್ಕೆ ನಿಂತರೆ ಒಬ್ಬರ ವಂಶವನ್ನು ಇನ್ನೊಬ್ಬರು ಜಾಲಾಡುತ್ತಾರಂತೆ. ನಮ್ಮಲ್ಲಿ ಅದನ್ನೆಲ್ಲ ಯಾರೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ಆದರೆ ಶಾಲೆಯ ಗೋಡೆಯ ಮೇಲೆ ಯಾವನಾದರೂ ಕಿಡಿಗೇಡಿ ಇದ್ದಿಲಿನಲ್ಲಿ ಈ ಮೂರಕ್ಷರ ಗೀಚಿದನೆಂದರೆ ಮಧ್ಯಾಹ್ನದೊಳಗೆ ಅಲ್ಲಿಗೆ ಸುಣ್ಣ ಬೀಳುತ್ತದೆ. ಬೀಗದ ಕೈ ಎಲ್ಲೋ ಇಟ್ಟು ಮರೆತರೆ ನಾವು ‘ಇನ್ನೂ ಹುಡುಕ್ತಾ ಇದೀನಿ’ ಅನ್ನುತ್ತೇವೆ. ಸೂಜಿಗೆ ದಾರ ಪೋಣಿಸಲು ಆಗದವರು ‘ಈ ದಾರ ಯಾಕೋ ಹಟ ಮಾಡ್ತಿದೆ’ ಅನ್ನುತ್ತಾರೆ. ನಾನು ಗುಂಡಿ, ದಾರ, ಸೂಜಿ ಮಾರುವವಳು. ನನ್ನ ಅಂಗಡಿಯಲ್ಲಿ ದಾರದ ಮೇಲೆ ಈ ಅಪವಾದ ಬರದ ದಿನವೇ ಇಲ್ಲ.

ಎಲ್ಲಕ್ಕೂ ಕಾರಣ ಮಸುಕು. ಅದು ಬೆಳಗಿನ ತಿಂಡಿಯ ಹೊತ್ತಿಗೆ ಬಂದರೂ ಬಂತು, ಸಂಜೆ ಸಂತೆಯ ಹೊತ್ತಿಗೆ ಬಂದರೂ ಬಂತು. ಬಂದಾಗ ಊರಿನಲ್ಲಿರುವ ಪ್ರತಿಯೊಂದರ ಅಂಚೂ ಕರಗಿ ಬಣ್ಣಬಣ್ಣದ ಮುದ್ದೆಗಳು ಮಾತ್ರ ಉಳಿಯುತ್ತವೆ. ಒಂದು ಹಂಡೆ ನೀರು ಕಾಯುವಷ್ಟು ಹೊತ್ತು ಇದ್ದು, ಹೇಳದೆ ಕೇಳದೆ ಹೋಗುತ್ತದೆ. ಸೈಕಲ್ಲಿನವರು ಇಳಿದು ತಳ್ಳಿಕೊಂಡು ಹೋಗುತ್ತಾರೆ. ಕ್ಷೌರದ ಯಲ್ಲಪ್ಪ ಕತ್ತಿ ಎತ್ತಿ ಹಿಡಿದು ನಿಂತುಬಿಡುತ್ತಾನೆ. ಕುರ್ಚಿಯಲ್ಲಿ ಕೂತವರು ಅರ್ಧ ಮುಖದ ನೊರೆಯಲ್ಲೇ ರಾಜಕೀಯ ಮುಂದುವರಿಸುತ್ತಾರೆ. ಹೆಣ್ಣು ನೋಡುವ ಶಾಸ್ತ್ರವಿದ್ದರೆ ಜಾಣರಾದ ಹೆಣ್ಣಿನ ಕಡೆಯವರು ಉಪ್ಪಿಟ್ಟು, ಕಾಫಿ, ಇನ್ನೊಂದು ಸುತ್ತು ಕಾಫಿ ಎಂದು ಎಳೆದಾಡಿ, ಮಸುಕು ಕವಿದ ಕೂಡಲೇ ಹುಡುಗಿಯನ್ನು ಕರೆತರುತ್ತಾರೆ. ಆಗ ದನಿ ಕೇಳಿ ಒಪ್ಪಬೇಕು. ನನ್ನ ಮದುವೆ ಆದದ್ದೂ ಹಾಗೆಯೇ, ನಮ್ಮ ಯಜಮಾನರ ದನಿ ಇವತ್ತಿಗೂ ಬಹಳ ಚೆನ್ನಾಗಿದೆ.

ಮಸುಕಿಗೆ ಅದರದ್ದೇ ನಡವಳಿಕೆ ಇದೆ. ನಡೆಯುವವರು ತಮ್ಮ ಹೆಸರು ಹೇಳಿಕೊಂಡು ನಡೆಯಬೇಕು: ‘ಜಾನಕ್ಕ ಬಂದೆ, ಕೈಯಲ್ಲಿ ಬಿಸಿ ಪಾತ್ರೆ ಇದೆ.’ ಯಾರಾದರೂ ಗಾಬರಿಯಾದರೆ ಪಕ್ಕದವರು ಕೈ ಹಿಡಿದುಕೊಂಡು, ಮಸುಕು ಹೋಗುವವರೆಗೆ ಏನಾದರೊಂದು ಮಾತಾಡುತ್ತಿರಬೇಕು. ಆದರೆ ‘ನನಗೆ ಕಾಣಲ್ಲ’ ಎಂದು ಮಾತ್ರ ಯಾರೂ ಬಾಯಿ ಬಿಡಬಾರದು. ಊರಿಗೆಲ್ಲ ಇರುವ ಕಷ್ಟವನ್ನು ತನ್ನೊಬ್ಬನದೇ ಎನ್ನುವಂತೆ ಹೇಳಿಕೊಂಡು ತಿರುಗುವುದು ಎಂಥ ಲಕ್ಷಣ? ಹೀಗೆ ಅಜ್ಜ ಮುತ್ತಜ್ಜರ ಕಾಲದಿಂದ ಬಾಯಿ ಕಟ್ಟಿಕೊಂಡು ಬಂದು, ಕೊನೆಗೆ ಮಸುಕು ಇಲ್ಲದಾಗ ಕಾಣದವರೂ ಅದನ್ನು ಹೇಳದೆ ಉಳಿದರು. ನಮ್ಮಲ್ಲಿ ಒಂದು ಕನ್ನಡಕದ ಅಂಗಡಿ ಇತ್ತು, ಅದರಲ್ಲಿ ವ್ಯಾಪಾರವಾಗುತ್ತಿದ್ದದ್ದು ತಂಪು ಕನ್ನಡಕ ಮಾತ್ರ.

ಬೋರ್ಡು ಬರೆಯುವ ಮೌನೇಶಾಚಾರಿ ಹೀಗೆ ಉಳಿದವರಲ್ಲಿ ಒಬ್ಬ. ಊರಿನ ಅಂಗಡಿಗಳ ಹಣೆಬರಹವೆಲ್ಲ ಅವನ ಕೈಯದೇ. ಒಂದು ಕಾಲದಲ್ಲಿ ಅವನು ಬರೆದ ಅಕ್ಷರ ನೋಡಿ ಸಾಮಾನು ಕೊಳ್ಳದವರೂ ಅಂಗಡಿಗೆ ನುಗ್ಗುತ್ತಿದ್ದರು. ಏಳೆಂಟು ವರ್ಷದಿಂದ ಅವನ ಅಕ್ಷರಗಳು ದಪ್ಪವಾಗುತ್ತ ಬಂದವು. ಹಿಟ್ಟಿನ ಗಿರಣಿಯ ಗೋಡೆಯ ಮೇಲೆ ‘ಹಿಟ್ಟಿನ ಗಿರ’ ಎಂಬುದು ಮಾತ್ರ ಹಿಡಿಸಿತು, ‘ಣಿ’ ಮೂಲೆ ತಿರುಗಿ ಪಕ್ಕದ ಓಣಿಗೆ ಹೋಯಿತು. ಗಿರಣಿಯವರು ಚಕಾರ ಎತ್ತಲಿಲ್ಲ. ಓಣಿಯ ಕಡೆಯಿಂದ ಬರುವವರಿಗೂ ಒಂದು ಅಕ್ಷರ ಇರಲಿ ಬಿಡಿ ಎಂದರು. ಹೆಂಡತಿ ತೀರಿಕೊಂಡ ಮೇಲೆ ಮೌನೇಶಾಚಾರಿ ತನ್ನ ಒಬ್ಬಳೇ ಮಗಳು ವಾರಿಜಾಳನ್ನು ಬಣ್ಣದ ಡಬ್ಬಿಗಳ ನಡುವೆಯೇ ಬೆಳೆಸಿ, ಪೇಟೆಯ ಕಾಲೇಜಿಗೆ ಕಳಿಸಿದ್ದ. ಅವರ ಮನೆ ನನ್ನ ಅಂಗಡಿಯ ಹಿಂದಿನ ಗೋಡೆಗೆ ಅಂಟಿಕೊಂಡಿದೆ. ಆ ಹುಡುಗಿ ಜಡೆ ಹಾಕಿಸಿಕೊಳ್ಳಲು ನನ್ನ ಹತ್ತಿರವೇ ಬರುತ್ತಿದ್ದದ್ದು.

ವಾರಿಜಾ ಕಾಲೇಜಿಗೆ ಹೋದ ಮೊದಲ ವಾರವೇ ಮೇಷ್ಟ್ರೊಬ್ಬರು ಅವಳನ್ನು ಕುರ್ಚಿಯಲ್ಲಿ ಕೂರಿಸಿ ಅವಳ ಕಣ್ಣಿನ ಮುಂದೆ ಗಾಜು ಇಟ್ಟರಂತೆ. ಹಲಗೆಯ ಮೇಲಿದ್ದದ್ದು ತಟ್ಟನೆ ಹತ್ತಿರ ಬಂತಂತೆ. ಅಲ್ಲಿಯವರೆಗೂ ಪ್ರಪಂಚ ಇರುವುದೇ ಹಾಗೆ ಎಂದುಕೊಂಡಿದ್ದಳು ಪಾಪ. ರಜೆಗೆ ಬಂದಾಗ ದಪ್ಪ ಕನ್ನಡಕ ಹಾಕಿಕೊಂಡೇ ಬಸ್ಸಿಳಿದಳು. ಜನ ಸಭ್ಯತೆಯಿಂದ ಅವಳ ಮುಖ ಬಿಟ್ಟು ಚಪ್ಪಲಿ ನೋಡಿ ಮಾತಾಡಿಸಿದರು. “ಜಾನಕ್ಕಾ,” ಎಂದು ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು ಹೇಳಿದಳು, “ಊರಿನ ಮಸುಕು ಎಷ್ಟು, ನನ್ನ ಮಸುಕು ಎಷ್ಟು ಅಂತ ನಂಗೆ ಗೊತ್ತೇ ಇರ್ಲಿಲ್ಲ. ಅಪ್ಪಂಗೂ ಗೊತ್ತಿಲ್ಲ. ನಾನಿಲ್ಲೇ ಕಣ್ಣಿನ ಪರೀಕ್ಷೆ ಮಾಡೋಳಾಗ್ತೀನಿ. ಮೊದಲ್ನೇ ಕನ್ನಡಕ ಅಪ್ಪಂಗೇ.” ನನಗೆ ಅವಳ ಮೇಲೆ ಹೆಮ್ಮೆ ಉಕ್ಕಿತು, ಹಾಗೆಯೇ ಹುಡುಗಿ ಹಾಳಾದಳಲ್ಲಾ ಎಂದು ಸ್ವಲ್ಪ ಭಯವೂ ಆಯಿತು.

ಆಗುತ್ತೇನೆ ಎಂದರೆ ಆಗಿಬಿಡುವ ಕೆಲಸವಲ್ಲ ಅದು. ನಾಲ್ಕು ವರ್ಷ ಓದಬೇಕು. ಬೆಳಕು ಗಾಜಿನಲ್ಲಿ ಹೇಗೆ ಬಾಗುತ್ತದೆ ಎಂದು ಲೆಕ್ಕ ಮಾಡಬೇಕು, ಎತ್ತಿನ ಕಣ್ಣು ಕೊಯ್ದು ಒಳಗಿನ ಪದರ ಒಂದೊಂದಾಗಿ ಬಿಡಿಸಿ ತೋರಿಸಬೇಕು. (ಇದನ್ನು ಕೇಳಿದ ದಿನ ನಾನು ಊಟ ಬಿಟ್ಟೆ.) ಆಮೇಲೆ ದೊಡ್ಡ ಆಸ್ಪತ್ರೆಯಲ್ಲಿ ಹಿರಿಯರ ಕೈಕೆಳಗೆ ಒಂದು ವರ್ಷ ದುಡಿಯಬೇಕು. ಬರವಣಿಗೆಯ ಪರೀಕ್ಷೆ ಬೇರೆ. ವಾರಿಜಾ ಇದೆಲ್ಲವನ್ನೂ ನೀರು ಕುಡಿದ ಹಾಗೆ ಮುಗಿಸಿದಳು. ಉಳಿದದ್ದು ಕೊನೆಯ ನಿಯಮ ಒಂದೇ. ಲೈಸೆನ್ಸು ಬೇಕಾದವರು ತಮ್ಮ ಊರಿನಲ್ಲೇ, ಹೊರಗಿನಿಂದ ಬಂದ ಪರೀಕ್ಷಕರ ಎದುರಿಗೆ, ಮೂವರ ಕಣ್ಣು ನೋಡಬೇಕು. ಮೂವರಲ್ಲಿ ಒಬ್ಬರಾದರೂ ಮೊದಲು ಈ ಸಾಲು ಕಾಣಲ್ಲ ಎಂದು, ಆಮೇಲೆ ಗಾಜು ಹಾಕಿದಾಗ ಕಾಣುತ್ತದೆ ಎಂದು ತಮ್ಮ ಬಾಯಿಂದ ಹೇಳಬೇಕು. ಕಣ್ಣಿಗೆ ಬೆಳಕು ಬಿಟ್ಟು ನಂಬರು ಅಂದಾಜು ಮಾಡುವ ಒಂದು ಕೋಲು ಅವಳ ಹತ್ತಿರ ಇತ್ತು, ಆದರೆ ಕೋಲಿನ ಮಾತು ನಡೆಯದು, ಬಾಯಿಮಾತೇ ಬೇಕು. ಮೂರು ಸಲ ಪ್ರಯತ್ನಿಸಬಹುದು, ಮೂರನೆಯದೂ ತಪ್ಪಿದರೆ ಜನ್ಮದಲ್ಲಿ ಮತ್ತೆ ಅರ್ಜಿ ಹಾಕುವ ಹಾಗಿಲ್ಲ. ಲೈಸೆನ್ಸು ಇಲ್ಲದವರು ಹೆತ್ತ ತಂದೆಗೂ ಕನ್ನಡಕ ಕೊಡುವಂತಿಲ್ಲ.

ಮೊದಲ ಸಲ ಪರೀಕ್ಷಕರು ಬರುತ್ತಾರೆ ಎಂದು ತಿಳಿದಾಗ ಊರಿಗೆ ಊರೇ ಸಂಭ್ರಮಪಟ್ಟಿತು. ನಮ್ಮ ಹುಡುಗಿಗೆ ಪರೀಕ್ಷೆ ಇದೆ, ಅವಳ ಹೆಸರು ಕೆಡಬಾರದು ಎಂಬುದಷ್ಟೇ ಎಲ್ಲರ ತಲೆಯಲ್ಲಿದ್ದದ್ದು. ಅಕ್ಷರಗಳ ಪಟ್ಟಿಯನ್ನು, ಕಾಗದಕ್ಕೆ ಕಣ್ಣು ಅಂಟಿಸಿಕೊಂಡು, ಬರೆದುಕೊಟ್ಟವನು ಮೌನೇಶಾಚಾರಿಯೇ. ನಿವೃತ್ತ ಹೆಡ್‌ಮಾಸ್ತರು ಗುರುಬಸಪ್ಪನವರು ಅದನ್ನು ನಕಲು ಮಾಡಿಕೊಂಡು, ಅರಳಿಕಟ್ಟೆಯ ಮೇಲೆ ಸಂಜೆ ತರಗತಿ ನಡೆಸಿ, ಊರಿನವರಿಗೆಲ್ಲ ಬಾಯಿಪಾಠ ಮಾಡಿಸಿದರು. ‘ಪ, ಗ ಟ, ರ ವ ನ’ ಎಂದು ಹೆಂಗಸರು ರಾಗಿ ಬೀಸುವಾಗಲೂ ಹೇಳಿಕೊಂಡರು. ಪರೀಕ್ಷೆಯ ದಿನ ಕುರ್ಚಿಯಲ್ಲಿ ಕೂತ ಮೂವರೂ ಮೇಲಿನಿಂದ ಕೆಳಗಿನವರೆಗೆ ಉಸಿರು ಬಿಡದೆ ಒಪ್ಪಿಸಿದರು. ಅವರಲ್ಲಿ ಒಬ್ಬರು ಪಟ್ಟಿಯ ಕಡೆಗೆ ಬೆನ್ನು ಮಾಡಿ ಕೂತೇ ಒಪ್ಪಿಸಿದರು. ವಾರಿಜಾ ಕಣ್ಣಲ್ಲಿ ನೀರು ತಂದುಕೊಂಡಳು, ಊರಿನವರು ಅದು ಆನಂದಬಾಷ್ಪ ಎಂದುಕೊಂಡು ಪೇಡ ಹಂಚಿದರು.

ಪರೀಕ್ಷಕರ ಹೆಸರು ವಾಮನರಾಯರು. ಕುಳ್ಳಗೆ ದುಂಡಗೆ ಇದ್ದರು, ಕೈಯಲ್ಲಿ ಕರಿ ಚೀಲ, ಜೇಬಿನಲ್ಲಿ ಅಳತೆಯ ಟೇಪು. ಮಸುಕಿನ ವಿಷಯ ಹೇಳಿದರೆ “ಮಂಜಾ? ಎಲ್ಲಾ ಕಡೆ ಬೀಳುತ್ತಲ್ಲ” ಎಂದು ತಳ್ಳಿಹಾಕಿದ್ದರು. ಎರಡನೆಯ ಸಲ ಅವರು ಬರುವಷ್ಟರಲ್ಲಿ ವಾರಿಜಾ ಯಾರಿಗೂ ತಿಳಿಸದೆ ಅಚ್ಚಿನ ಹೊಸ ಪಟ್ಟಿ ತರಿಸಿಟ್ಟಿದ್ದಳು. ಮೊದಲು ಗುರುಬಸಪ್ಪನವರೇ ಕೂತರು. ಹಳೆಯ ಪಾಠ ಒಪ್ಪಿಸಿದರು, ಒಂದಕ್ಷರವೂ ಸರಿಹೋಗಲಿಲ್ಲ. “ಕಾಣ್ತಾ ಇಲ್ವಾ?” ಎಂದರು ವಾಮನರಾಯರು. ಗುರುಬಸಪ್ಪನವರು ಕೆಂಪಾಗಿಬಿಟ್ಟರು. “ಎಲ್ಲಾ ಚೆನ್ನಾಗಿ ಕಾಣ್ತಿದೆ ಸ್ವಾಮಿ. ಆದರೆ ಇವು ಯಾವ ಅಕ್ಷರ ಅಂತ ನನಗೆ ಗೊತ್ತಿಲ್ಲ.” ಮೂವತ್ತು ವರ್ಷ ಮಕ್ಕಳಿಗೆ ಅಕ್ಷರ ತಿದ್ದಿಸಿದವರ ಹೆಸರಿನ ಮುಂದೆ ವಾಮನರಾಯರು ‘ಅನಕ್ಷರಸ್ಥ’ ಎಂದು ಬರೆದುಕೊಂಡರು. ಮೇಷ್ಟ್ರು ಅದನ್ನೂ ನುಂಗಿಕೊಂಡು ಎದ್ದು ಬಂದರೇ ಹೊರತು ಆ ಮಾತು ಆಡಲಿಲ್ಲ. ಉಳಿದಿಬ್ಬರು, ವಾರಿಜಾ ಗಾಜು ಬದಲಿಸಿ ‘ಇದು ವಾಸಿನೋ, ಅದು ವಾಸಿನೋ’ ಎಂದು ಕೇಳಿದಾಗಲೆಲ್ಲ “ಎರಡೂ ಚೆನ್ನಾಗಿದೆ ಕಣವ್ವ, ಭೇದ ಯಾಕೆ ಮಾಡ್ಲಿ” ಎಂದರು.

ಆ ರಾತ್ರಿ ವಾರಿಜಾ ಊಟ ಮಾಡಲಿಲ್ಲವೆಂದು ಮಾರನೆಯ ಬೆಳಗ್ಗೆ ಮೌನೇಶಾಚಾರಿ ನನ್ನ ಹತ್ತಿರ ಹೇಳಿಕೊಂಡ. “ನಾನು ಯಾರಿಗೆ ಏನು ಅಂತ ಹೇಳ್ಲಿ ಜಾನಕ್ಕ? ಜನಕ್ಕೆ ಕಣ್ಣು ಚೆನ್ನಾಗಿದ್ರೆ ಅದು ಅವರ ತಪ್ಪಾ?” ಎಂದ. ಹೇಳುತ್ತ ಹೇಳುತ್ತಲೇ ನನ್ನ ಅಂಗಡಿಯ ಮೆಟ್ಟಿಲು ತಪ್ಪಿ ಮುಗ್ಗರಿಸಿದ. ಮೆಟ್ಟಿಲಿನ ಮೇಲೆ ತಪ್ಪು ಹೊರಿಸಿ ಅದನ್ನೊಂದು ಸಲ ಒದ್ದು ಹೋದ. ನಾನು ತಲೆ ಎತ್ತಿ ನೀರಿನ ಟ್ಯಾಂಕಿನ ಕಡೆ ನೋಡಿದೆ. ಯಾಕೆಂದರೆ ಪಂಚಾಯಿತಿಯವರು ಹೊಸ ನೀರಿನ ಟ್ಯಾಂಕಿನ ಮೇಲೆ ‘ನೀರನ್ನು ಹಿತಮಿತವಾಗಿ ಬಳಸಿ’ ಎಂದು ಬರೆಯುವ ಕೆಲಸ ಅವನಿಗೇ ಒಪ್ಪಿಸಿದ್ದರು. ಆ ಟ್ಯಾಂಕು ತೆಂಗಿನ ಮರಕ್ಕಿಂತ ಎತ್ತರ. ವಾರಿಜಾ ಬೇಡವೆಂದರೆ ‘ಯಾಕೆ ಬೇಡ?’ ಎನ್ನುತ್ತಿದ್ದ, ಅದಕ್ಕೆ ಉತ್ತರ ಹೇಳಲು ಅವಳಿಗೂ ಬಾಯಿ ಬರುತ್ತಿರಲಿಲ್ಲ. ಎಷ್ಟಾದರೂ ಅವಳೂ ಈ ಊರಿನಲ್ಲೇ ಹುಟ್ಟಿದವಳು.

ಮೂರನೆಯ ಸಲ ವಾಮನರಾಯರು ಬಂದದ್ದು ಶುಕ್ರವಾರ. ಟ್ಯಾಂಕು ಹತ್ತುವ ಕೆಲಸ ಸೋಮವಾರಕ್ಕೆ ನಿಕ್ಕಿಯಾಗಿತ್ತು. ಹಳೆಯ ಕನ್ನಡಕದ ಅಂಗಡಿಯನ್ನೇ ವಾರಿಜಾ ಗುಡಿಸಿ ಬಳಿದು ಪರೀಕ್ಷೆಯ ಕೋಣೆ ಮಾಡಿದ್ದಳು, ಅದು ನನ್ನ ಅಂಗಡಿಯ ನೇರ ಎದುರಿಗೆ. ನಾನು ಗಿರಾಕಿಗಳನ್ನು ಬಿಟ್ಟು ಅದರ ಬಾಗಿಲಿಗೆ ಒರಗಿ ನಿಂತೆ. ಕಿಟಕಿಯ ತುಂಬ ತಲೆಗಳು. ವಾಮನರಾಯರು ಕುರ್ಚಿಗೂ ಪಟ್ಟಿಗೂ ನಡುವಿನ ದೂರವನ್ನು ಟೇಪು ಹಿಡಿದು ಅಳೆದರು. “ಈ ಸಲ ಜನರನ್ನ ನಾನೇ ಆರಿಸ್ತೀನಿ, ಬೀದಿಯಿಂದ” ಎಂದು ಹೊರಗೆ ಬಂದು ಬೆರಳು ಮಾಡಿದರು. ಮೊದಲು ಸಿಕ್ಕವಳು ಹೂವಿನ ನಿಂಗಮ್ಮ. ಅವಳಿಗೆ ಓದು ಬಾರದ್ದರಿಂದ ಮೂರು ಹಲ್ಲಿನ ಬಾಚಣಿಗೆಯಂಥ ಚಿತ್ರಗಳ ಪಟ್ಟಿ ತೋರಿಸಿ, ಹಲ್ಲು ಯಾವ ಕಡೆಗಿದೆ ಎಂದು ಕೈಯಲ್ಲಿ ತೋರಿಸಲು ಹೇಳಿದರು. ನಿಂಗಮ್ಮ ನಾಲ್ಕು ದಿಕ್ಕಿಗೂ ಸಮನಾಗಿ ಕೈ ಬೀಸಿ, “ಎಲ್ಲಾ ಕಡೀಕೂ ಐತೆ ಕಣಪ್ಪ, ಯಾವ ಕಡೇನೂ ಬಿಟ್ಟಿಲ್ಲ” ಎಂದಳು. ಎರಡನೆಯವನು ಬಸ್ಸಿನ ಹಳೆಯ ಕಂಡಕ್ಟರು. ಅವನು ಪಟ್ಟಿಯತ್ತ ನೋಡಿ “ರೈಟ್, ರೈಟ್” ಎಂದನೇ ಹೊರತು ಮುಂದಕ್ಕೆ ಒಂದಕ್ಷರ ಹೊರಡಲಿಲ್ಲ.

ಮೂರನೆಯವರಿಗಾಗಿ ವಾಮನರಾಯರ ಬೆರಳು ಹೋಗಿ ನಿಂತದ್ದು ಬಣ್ಣದ ಡಬ್ಬಿ ಹಿಡಿದು ಬರುತ್ತಿದ್ದ ಮೌನೇಶಾಚಾರಿಯ ಮೇಲೆ. ವಾರಿಜಾ ಬಿಳಿಚಿಕೊಂಡಳು. “ಸರ್, ಇವರು ನಮ್ಮ ತಂದೆ” ಎಂದಳು. “ಸಂಬಂಧಿಕರು ಬೇಡ ಅಂತ ನಿಯಮದಲ್ಲಿಲ್ಲ. ನಿಮ್ಮೂರಲ್ಲಿ ಅಪ್ಪ ಆದ್ರೇನು, ಅಜ್ಜ ಆದ್ರೇನು, ಹೇಳೋದು ಒಂದೇ” ಎಂದರು ಅವರು, ಆಗಲೇ ಚೀಲದ ಬಾಯಿ ಕಟ್ಟುತ್ತ. ಮೌನೇಶಾಚಾರಿ ಕುರ್ಚಿಯಲ್ಲಿ ನೆಟ್ಟಗೆ ಕೂತ. ಪಟ್ಟಿಯ ಕಡೆ ಮುಖ ಮಾಡಿ ಮೆಚ್ಚುಗೆಯಿಂದ ತಲೆದೂಗಿದ. “ಕೆಲಸ ಚೆನ್ನಾಗಿದೆ. ಅಂತರ ಚೆನ್ನಾಗಿ ಬಿಟ್ಟಿದ್ದಾರೆ. ಬಿಳಿ ಮೇಲೆ ಕರಿ, ಅದರ ಲಕ್ಷಣಾನೇ ಬೇರೆ.” “ಅಕ್ಷರ ಓದಿ ಅಂದ್ರೆ...” ಎಂದು ವಾಮನರಾಯರು ಬಾಯಿ ತೆರೆದರು. ಆ ಹೊತ್ತಿಗೆ ಸರಿಯಾಗಿ ಮಸುಕು ಕವಿಯಿತು.

ನಮಗೇನು, ಅಭ್ಯಾಸ. ಬೀದಿಯಲ್ಲಿ ಸೈಕಲ್ಲುಗಳು ನಿಂತ ಸದ್ದಾಯಿತು, ಜನ ಹೆಸರು ಹೇಳಿಕೊಳ್ಳತೊಡಗಿದರು. ಒಳಗಿನಿಂದ ಮಾತ್ರ ವಾಮನರಾಯರ ಕೂಗು ಎದ್ದಿತು. “ಅಯ್ಯೋ! ಇದೇನಿದು? ನನಗೆ ಕಾಣಲ್ಲ! ಏನೂ ಕಾಣಲ್ಲ!” “ಶಿವ ಶಿವಾ” ಎಂದಳು ನಿಂಗಮ್ಮ. “ಹೆಂಗಸರಿದ್ದಾರೆ, ಮಕ್ಕಳಿದ್ದಾರೆ ಅನ್ನೋದೂ ಬೇಡವೇ?” ಎಂದು ಗುರುಬಸಪ್ಪನವರ ದನಿ ಕಿಟಕಿಯಲ್ಲಿ ಗೊಣಗಿತು. ವಾಮನರಾಯರಿಗೆ ಅದೆಲ್ಲ ಎಲ್ಲಿ ಕೇಳಬೇಕು? ಮೇಜಿಗೆ ಢಿಕ್ಕಿ ಹೊಡೆದರು, ಗಾಜುಗಳ ಪೆಟ್ಟಿಗೆ ಗಲಗಲ ಎಂದಿತು. ಮತ್ತೆ ಅದೇ ಮಾತು, ಬಿಟ್ಟೂ ಬಿಡದೆ ಅದೇ ಮಾತು.

“ಸರ್, ನಾನು ವಾರಿಜಾ. ನಿಮ್ಮ ಬಲಗಡೆ ಬರ್ತಿದೀನಿ. ಕೈ ಕೊಡಿ.” ಅವಳ ದನಿಯಲ್ಲಿ ಒಂದಿಷ್ಟೂ ಗಾಬರಿ ಇರಲಿಲ್ಲ. ಅವರನ್ನು ನಡೆಸಿಕೊಂಡು ಹೋಗಿ ಅಪ್ಪನ ಪಕ್ಕದ ಸ್ಟೂಲಿನ ಮೇಲೆ ಕೂರಿಸಿದಳು. “ಇದು ನಿಮ್ಮ ಕಣ್ಣಲ್ಲ ಸರ್, ಊರು. ಸ್ವಲ್ಪ ಹೊತ್ತಿಗೆ ಹೋಗುತ್ತೆ. ನೀರು ತರ್ತೀನಿ, ಇಲ್ಲೇ ಕೂತಿರಿ.” ವಾಮನರಾಯರು ಬಿಕ್ಕುತ್ತಿದ್ದರು. “ನನ್ನ ಹೊಟ್ಟೆಪಾಡೇ ಕಣ್ಣಿಂದು. ಕಣ್ಣು ಹೋದ್ರೆ ನಾನೇನು ಮಾಡ್ಲಿ? ಮನೇಲಿ ಏನಂತ ಹೇಳ್ಲಿ?” ಮೌನೇಶಾಚಾರಿ ನಮ್ಮ ನಡವಳಿಕೆಯಂತೆ ತಡಕಾಡಿ ಅವರ ಕೈ ಹಿಡಿದ. “ನಾನು ಮೌನೇಶ ಸ್ವಾಮಿ, ಬೋರ್ಡು ಬರೆಯೋನು. ಹೆದರ್ಕೋಬೇಡಿ, ಹೋಗುತ್ತೆ.” “ಹೋಗ್ಲಿಲ್ಲ ಅಂದ್ರೆ?” ಎಂದರು ಅವರು ಮಗುವಿನ ದನಿಯಲ್ಲಿ.

ಕೈ ಹಿಡಿದ ಮೇಲೆ ಏನಾದರೂ ಮಾತಾಡಲೇಬೇಕು. “ಹೋಗ್ದಿದ್ರೂ ಬದುಕಬೋದು ಸ್ವಾಮಿ” ಎಂದ ಮೌನೇಶಾಚಾರಿ. “ನನಗೆ ಹೋಗದೇ ಏಳೆಂಟು ವರ್ಷ ಆಯ್ತು. ಬೇರೆಯವರಿಗೆಲ್ಲ ತಿಳಿಯಾದಾಗ ನನಗೆ ಅರ್ಧ ತಿಳಿಯಾಗುತ್ತೆ, ಅಷ್ಟೇ. ಬಣ್ಣಾನ ವಾಸನೆ ಮೇಲೆ ಗುರುತು ಹಿಡೀತೀನಿ. ಗೇಣು ಹಾಕಿ ಅಕ್ಷರ ಬರೀತೀನಿ. ದಪ್ಪ ಬರೆದ್ರೆ ಕೈಗೆ ಹತ್ತುತ್ತೆ. ಜನ ಒಳ್ಳೆಯವರು, ಏನೂ ಅನ್ನಲ್ಲ. ಅವರು ಏನಾದ್ರೂ ಅಂದಿದ್ರೇ ಚೆನ್ನಾಗಿತ್ತೇನೋ.” ನಾನು ಬಾಗಿಲಲ್ಲಿ ಒಂದಕ್ಷರ ಬಿಡದೆ ಕೇಳುತ್ತಿದ್ದೆ. ಅವನು ಮುಂದುವರಿಸಿದ. “ಸೋಮವಾರ ಟ್ಯಾಂಕು ಹತ್ತಬೇಕು. ಹತ್ತೋದು ಹೆಂಗೋ ಹತ್ತಬೋದು. ಇಳಿಯೋವಾಗ ನೆಲ ಎಲ್ಲಿದೆ ಅಂತ ತಿಳಿಯಲ್ಲ. ಅದನ್ನ ನೆನೆಸ್ಕೊಂಡು ರಾತ್ರಿ ಎದ್ದು ಕೂರ್ತೀನಿ. ಮಗಳಿಗೆ ಹೇಳಿಲ್ಲ. ಮೂರು ಹೊತ್ತೂ ಕಣ್ಣಿನ ಪುಸ್ತಕ ಓದಿ ಬಂದೋಳು, ಅವಳ ಅಪ್ಪಂದೇ ಹಿಂಗೆ ಅಂದ್ರೆ ಅವಳಿಗೆ ಎಂಥ ಅವಮಾನ ಹೇಳಿ.”

ಮಸುಕಿನಲ್ಲಿ ಹೆಸರು ಹೇಳದೆ ಒಬ್ಬರ ಪಕ್ಕದಲ್ಲಿ ನಿಲ್ಲುವುದು ನಮ್ಮಲ್ಲಿ ಕಳ್ಳತನಕ್ಕೆ ಸಮ. ವಾರಿಜಾ ಆವತ್ತು ಆ ಕೆಲಸ ಮಾಡಿದಳು. ನೀರು ತರುತ್ತೇನೆ ಎಂದವಳು ಒಂದು ಹೆಜ್ಜೆಯೂ ಕದಲಿರಲಿಲ್ಲ. ಮಸುಕು ಹೋದಾಗ ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಅವಳೇ, ಅಪ್ಪನ ಬೆನ್ನ ಹಿಂದೆ, ಎರಡೂ ಕೈಯಲ್ಲಿ ಖಾಲಿ ಲೋಟ ಹಿಡಿದುಕೊಂಡು. ವಾಮನರಾಯರು ಕಣ್ಣು ಪಿಳಿಪಿಳಿ ಮಾಡಿದರು, ತಮ್ಮ ಕೈಗಳನ್ನು ತಿರುಗಿಸಿ ನೋಡಿಕೊಂಡರು, ಜೋರಾಗಿ ಮೂಗು ಸೀಟಿಕೊಂಡರು. ಆಮೇಲೆ ಅವರಿಗೆ ನಾಚಿಕೆಯಾಗಿರಬೇಕು, ಗಂಟಲು ಸರಿಮಾಡಿಕೊಂಡು ಅಧಿಕಾರಿಯ ದನಿ ತಂದುಕೊಂಡರು. “ಈಗ ಆಡಿದ್ದು ಲೆಕ್ಕಕ್ಕೆ ಬರಲ್ಲ. ಅದು ಹವಾಮಾನ. ಬೆಳಕಿನಲ್ಲಿ, ಪಟ್ಟಿ ನೋಡಿ ಹೇಳಬೇಕು. ಕೇಳಮ್ಮ ನೀನು.”

ಮೌನೇಶಾಚಾರಿಗೆ ಮಗಳು ಹಿಂದೆ ನಿಂತಿರುವುದು ಆಗ ತಿಳಿಯಿತು. ಅವನ ಬೆನ್ನು ಸೆಟೆಯಿತು. ಕಿಟಕಿಯಲ್ಲಿ ಊರಿಗೆ ಊರೇ ಇತ್ತು, ಅದೂ ಅವನಿಗೆ ಗೊತ್ತಿತ್ತು. ವಾರಿಜಾ ಎದುರಿಗೆ ಬಂದು ನಿಂತಳು, ಆದರೆ ಪಟ್ಟಿಯ ವಿಷಯ ಎತ್ತಲಿಲ್ಲ. ತನ್ನ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. “ಅಪ್ಪಾ, ಇದು ತೆಗೆದ್ರೆ ನಂಗೆ ನಿನ್ನ ಮುಖ ಕಾಣಲ್ಲ” ಎಂದಳು, ಕಿಟಕಿಯವರಿಗೂ ಕೇಳುವ ಹಾಗೆ. “ಮೂಗು ಕಾಣಲ್ಲ, ಮೀಸೆ ಕಾಣಲ್ಲ. ಚಿಕ್ಕೋಳಿದ್ದಾಗ್ಲೂ ಕಾಣ್ತಿರ್ಲಿಲ್ಲ. ನನಗೆ ಕಾಣಲ್ಲ ಕಣಪ್ಪಾ.” ಹೆಣ್ಣುಮಗಳೊಬ್ಬಳು ಹಗಲು ಹೊತ್ತಿನಲ್ಲಿ, ಎಲ್ಲರೆದುರಿಗೆ, ಆ ಮಾತನ್ನು ಅಷ್ಟು ಸಲ ಆಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಆಕಾಶವೇನೂ ಕಳಚಿ ಬೀಳಲಿಲ್ಲ.

ಮೌನೇಶಾಚಾರಿಯ ತುಟಿ ಎರಡು ಸಲ ಅಲ್ಲಾಡಿತು. ನನಗೆ ಅವನ ಪರವಾಗಿ ನಾನೇ ಕೂಗಿಬಿಡೋಣ ಅನ್ನಿಸಿತು, ಸೆರಗು ಬಾಯಿಗೆ ತುರುಕಿಕೊಂಡೆ. “ಮೇಲಿನ ದಪ್ಪ ಅಕ್ಷರ ಒಂದು ತಿಳಿಯುತ್ತೆ” ಎಂದ ಮೆಲ್ಲಗೆ. “ಅದರ ಕೆಳಗೆ?” ಎಂದಳು ವಾರಿಜಾ. “ಅದರ ಕೆಳಗೆ...” ಎಂದು ಅವನು ನಿಂತ. ಅಂಗಿಯ ತೋಳಿನಿಂದ ಹಣೆ ಒರೆಸಿಕೊಂಡ. “ಕಾಣಲ್ಲ” ಎಂದ. ಒಂದು ಸಲ ಆಡಿದ ಮೇಲೆ ಕಟ್ಟೆ ಒಡೆದ ಹಾಗಾಯಿತು. “ಕಾಣಲ್ಲ ಮಗಾ. ಎರಡನೇ ಸಾಲೂ ಕಾಣಲ್ಲ, ಮೂರನೇದೂ ಕಾಣಲ್ಲ. ಎಷ್ಟು ಸಾಲಿದೆ ಅನ್ನೋದೇ ಕಾಣಲ್ಲ!”

ವಾರಿಜಾ ಕನ್ನಡಕ ಏರಿಸಿಕೊಂಡು ಕೆಲಸಕ್ಕಿಳಿದಳು. ಬೆಳಕಿನ ಕೋಲು ಹಿಡಿದು ನೋಡಿ “ಪೊರೆ ಅಲ್ಲ, ನಂಬರು ಅಷ್ಟೇ” ಎಂದಳು. ಪರೀಕ್ಷೆಗೆಂದೇ ಇರುವ ಭಾರದ ಚೌಕಟ್ಟನ್ನು ಅಪ್ಪನ ಮೂಗಿನ ಮೇಲೆ ಕೂರಿಸಿ ಒಂದೊಂದೇ ಗಾಜು ಇಳಿಸಿದಳು. “ಇದು ವಾಸಿನಾ, ಅದು ವಾಸಿನಾ?” “ಮೊದಲ್ನೇದು. ಎರಡ್ನೇದು ಚೆನ್ನಾಗಿಲ್ಲ, ಎತ್ತಿಡು” ಎಂದ ಮೌನೇಶಾಚಾರಿ ಮುಲಾಜಿಲ್ಲದೆ. ಕಿಟಕಿಯಲ್ಲಿ ಜನ ಬೆಚ್ಚಿಬಿದ್ದರು. ಒಂದೊಂದು ಗಾಜಿಗೂ ಅವನ ದನಿ ಏರುತ್ತ ಹೋಯಿತು. ಎರಡನೆಯ ಸಾಲು ಓದಿದ, ನಾಲ್ಕನೆಯದು ಓದಿದ. ಕೊನೆಯ ಸಾಲಿಗೆ ಬಂದವನು ಓದುವುದನ್ನು ಬಿಟ್ಟು ಜಗಳಕ್ಕೆ ನಿಂತ. “ಈ ‘ಣ’ ಬರೆದೋನು ಯಾವನು? ಬಾಲ ನೋಡಿ ಹೆಂಗೆ ಸೊಟ್ಟ ಎಳೆದಿದ್ದಾನೆ! ಇದಕ್ಕೆ ಅಚ್ಚು ಬೇರೆ!” ವಾಮನರಾಯರು ಪಟ್ಟಿಯ ಹತ್ತಿರ ಹೋಗಿ, ಮೂಗು ತಾಗಿಸಿ ನೋಡಿದರು. “ಹೌದು, ಸೊಟ್ಟಗಿದೆ” ಎಂದರು. ಬಂದು ಕೂತು, ಕಾಗದಕ್ಕೆ ರುಜು ಹಾಕಿ, ಎದ್ದು ನಿಂತು ವಾರಿಜಾಳ ಕಡೆಗೆ ಕೈ ಚಾಚಿದರು. “ನನ್ನ ಕೈ ಹಿಡಿದು ನಡೆಸಿದ್ರಲ್ಲ ತಾಯಿ, ಅದು ಯಾವ ನಿಯಮದಲ್ಲೂ ಇಲ್ಲ. ಇದ್ದಿದ್ರೆ ಅದಕ್ಕೂ ಅಂಕ ಕೊಡ್ತಿದ್ದೆ. ಪಾಸು.”

ಆಮೇಲೆ ನಡೆದದ್ದನ್ನು ಏನೆಂದು ಹೇಳಲಿ. ಮೊದಲು ಒಳಗೆ ನುಗ್ಗಿದವರು ಗುರುಬಸಪ್ಪನವರು. ತರಗತಿಯ ಕೊನೆಯ ಬೆಂಚಿಗೂ ಮುಟ್ಟುವ ದನಿಯಲ್ಲಿ “ನನಗೂ ಕಾಣಲ್ಲ! ಬರೆದುಕೊಳ್ಳಿ! ಮತ್ತೆ ಆ ಅನಕ್ಷರಸ್ಥ ಅನ್ನೋದನ್ನ ಹೊಡೆದುಹಾಕಿ!” ಎಂದರು. ಅವರ ಹಿಂದೆ ನಿಂಗಮ್ಮ, ಅವಳ ಹಿಂದೆ ಕಂಡಕ್ಟರು, ನೊರೆಯ ಮುಖದ ಯಾರೋ ಒಬ್ಬರು. ಒಬ್ಬರಿಗಿಂತ ಒಬ್ಬರು ಜೋರಾಗಿ ಆ ಕೆಟ್ಟ ಮಾತನ್ನು ಕೂಗುತ್ತ, ನಗುತ್ತ, ಸಾಲು ನನ್ನ ಅಂಗಡಿ ದಾಟಿ ಬೀದಿಯ ತಿರುವಿನವರೆಗೆ ಬೆಳೆಯಿತು. ನಾನು ಹೋಗಿ ಅಂಗಡಿಯ ಬಾಗಿಲು ಎಳೆದು ಬಂದು ಸಾಲಿನಲ್ಲಿ ನಿಂತೆ. ನನ್ನ ವಿಷಯ ಬಿಡಿ.

ಆ ಗದ್ದಲದಲ್ಲಿ ಮೌನೇಶಾಚಾರಿಯನ್ನು ಕುರ್ಚಿಯಿಂದ ಎಬ್ಬಿಸಲು ಎಲ್ಲರೂ ಮರೆತಿದ್ದರು. ಅವನು ಆ ಭಾರದ ಚೌಕಟ್ಟನ್ನು ಮೂಗಿನ ಮೇಲೆ ಇಟ್ಟುಕೊಂಡೇ ಪಟ್ಟಿಯಿಂದ ಮುಖ ತಿರುಗಿಸಿ, ಪಕ್ಕದಲ್ಲಿ ಗಾಜುಗಳನ್ನು ಪೆಟ್ಟಿಗೆಗೆ ಜೋಡಿಸುತ್ತಿದ್ದ ಮಗಳನ್ನು ನೋಡಿದ. ಅವಳು ತಲೆ ಬಗ್ಗಿಸಿಕೊಂಡಳು. ಅವನು ಅವಳ ಗದ್ದಕ್ಕೆ ಬಣ್ಣ ಮೆತ್ತಿದ ಬೆರಳು ಕೊಟ್ಟು ಮುಖ ಮೇಲೆತ್ತಿದ, ತುಂಬ ಹೊತ್ತು ನೋಡಿದ.

“ಅಳ್ತಿದೀಯಾ?” ಎಂದ.

“ಇಲ್ಲಪ್ಪ” ಎಂದಳು ವಾರಿಜಾ.

“ಸುಳ್ಳು ಹೇಳ್ಬೇಡ ಮಗಾ, ನಂಗೆ ಕಾಣ್ತಾ ಇದೆ.”